ಕಡ್ಡಿ ಐದೂ ಇದೆ, ಮಾತು ಮಾತ್ರ ಇಲ್ಲ!

ಬೈಯೋದಿದ್ದಾಗ ಮಾತ್ರ ನನಗೆ ಬ್ಲಾಗು ನೆನಪಾಗುತ್ತೆ ಅಂತ ಗೆಳೆಯರು ಆಡಿಕೊಳ್ಳುತ್ತಾರೆ. ಇರಲಿ, ಇವತ್ತೂ ಬೈಯೋದಕ್ಕೇ ಬಂದಿದ್ದೇನೆ. "ಸಿಗ್ನಲ್ ವೀಕು ಸಾರ್, ಒಂದು ಬೂಸ್ಟರ್ ಹಾಕ್ಸಿ" ಅನ್ನೋ ಮಾತಿದೆಯಲ್ಲ, ಅದಕ್ಕೆ.

ನಮ್ಮದು ನಂದಿದುರ್ಗ. ನಂದಿಬೆಟ್ಟ ಅಲ್ಲ ಸ್ವಾಮಿ, ಕೆಜಿಎಫ್‌ನ ನಂದಿದುರ್ಗ ಗಣಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಊರಿನವರು ಬೆಳಗಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೊರಟರು. ನಮ್ಮಕ್ಕ ಇನ್ನೂ ದೂರ ಹೋದಳು, ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ. 2020ರ ಆಗಸ್ಟಿನಲ್ಲಿ ಸಿಡಿಲಿನಿಂದ ಹೊತ್ತಿದ ಕಾಡ್ಗಿಚ್ಚು ಅವರ ಪೂರ್ವದ ಬೆಟ್ಟಗಳನ್ನು ವಾರಗಟ್ಟಲೆ ಸುಟ್ಟಿತು. ಅವಳ ಅತ್ತೆಗೆ ಆಸ್ತಮಾ. ಹೊಗೆ ಎತ್ತ ಬರುತ್ತಿದೆ, ಯಾವ ರಸ್ತೆ ಮುಚ್ಚಿದ್ದಾರೆ ಅಂತ ಕೇಳಿಸಿಕೊಳ್ಳೋದಕ್ಕೆ ಭಾವ ಒಂದು 'ಡಿಜಿಟಲ್' ಸ್ಕ್ಯಾನರ್ ರೇಡಿಯೋ ಕೊಂಡರು.

ಒಂದು ರಾತ್ರಿ ಅಕ್ಕನ ಫೋನು. "ಲೋ, ಕಡ್ಡಿ ಐದೂ ತೋರಿಸುತ್ತೆ ಕಣೋ. ಮಾತು ಮಾತ್ರ ಕೊಡದೊಳಗೆ ಕಪ್ಪೆ ಕೂಗಿದ ಹಾಗೆ. ಅರ್ಧ ಮಾತಿಗೇ ಕಟ್ ಆಗುತ್ತೆ."

ಅಂಗಡಿಯವನು ಏನು ಹೇಳಿದ್ದ? ದೊಡ್ಡ ಆಂಟೆನಾ ಹಾಕಿ ಅಂತ. ಹಾಕಿದರು. ಆಮೇಲೆ ಆಂಪ್ಲಿಫೈಯರ್ ಹಾಕಿ ಅಂದ. ಅದನ್ನೂ ಹಾಕಿದರು. ಮೊದಲು ಅರ್ಧವಾದರೂ ಕೇಳುತ್ತಿದ್ದುದು ಈಗ ಕಾಲುಭಾಗವೂ ಇಲ್ಲ. ಆ ಮುದುಕಮ್ಮ ಕಿಟಕಿ ಮುಚ್ಚಿಕೊಂಡು ಕೆಮ್ಮುತ್ತಾ ಕೂತಿದ್ದರೆ ಇವರು ಚಾವಣಿ ಮೇಲೆ ಕಂಬ ನೆಡುತ್ತಿದ್ದರು!

ಇಲ್ಲಿ ಏನಾಗುತ್ತಿದೆ ಅನ್ನೋದನ್ನ ಬಂಗಾರಪೇಟೆ ಜಂಕ್ಷನ್ನಿಗೆ ಹೋಗಿ ನೋಡೋಣ ಬನ್ನಿ. ಯಾವ ರೈಲು ಯಾವ ಪ್ಲಾಟ್‌ಫಾರಂ ಅಂತ ಮೈಕಿನಲ್ಲಿ ಹೇಳ್ತಾರೆ, ನೀವು ಅಲ್ಲಿಗೆ ಓಡ್ತೀರಿ. ಟ್ರಂಕಿಂಗ್ ಅಂದರೆ ಇಷ್ಟೇ. ಯಾವ ಇಲಾಖೆಗೂ ಸ್ವಂತ ಚಾನೆಲ್ ಇಲ್ಲ, ಎಲ್ಲರಿಗೂ ಸೇರಿ ಕೆಲವು ಚಾನೆಲ್ ಇರುತ್ತವೆ. 'ಕಂಟ್ರೋಲ್ ಚಾನೆಲ್' ಅನ್ನೋ ಮೈಕು ಈಗ ಯಾರ ಮಾತು ಎಲ್ಲಿ ಅಂತ ಕೂಗುತ್ತಿರುತ್ತೆ. ಆ ಕೂಗು ತಪ್ಪಿತೋ, ರೈಲೂ ತಪ್ಪಿತು.

ಈಗ ಸೈಮಲ್‌ಕಾಸ್ಟ್. ಸ್ಟೇಷನ್ನಿನ ಉದ್ದಕ್ಕೂ ಹತ್ತು ಸ್ಪೀಕರ್, ಎಲ್ಲದರಲ್ಲೂ ಒಂದೇ ಮಾತು. ಒಂದು ಸ್ಪೀಕರಿನ ಕೆಳಗೆ ನಿಂತರೆ ಸ್ಪಷ್ಟ. ಎರಡರ ನಡುವೆ ನಿಂತರೆ ಮಾತಿನ ಮೇಲೆ ಮಾತು ಬಿದ್ದು ಕಲಸುಮೇಲೋಗರ. ಅಲ್ಲಿ ವಾಲ್ಯೂಮ್ ಏರಿಸಿದರೆ ಅರ್ಥ ಆಗುತ್ತಾ? ಗದ್ದಲ ಜಾಸ್ತಿ ಆಗುತ್ತೆ, ಅಷ್ಟೇ. ಅಂಗಡಿಯವನು ಮಾರಿದ ಆಂಪ್ಲಿಫೈಯರ್ ಮಾಡಿದ್ದೂ ಇದನ್ನೇ.

ಲೆಕ್ಕ ಬೇಕೆನ್ನುವವರಿಗೆ ಲೆಕ್ಕ. ಅಕ್ಕನ ಊರಿನ ಈಸ್ಟ್ ಬೇ ವ್ಯವಸ್ಥೆ ಪಿ25 ಜಾತಿಯದು. ಅದರ ಕಂಟ್ರೋಲ್ ಚಾನೆಲ್ ಸೆಕೆಂಡಿಗೆ 4800 ಸಂಕೇತ ಕಳಿಸುತ್ತೆ, ಒಂದೊಂದಕ್ಕೂ ಸುಮಾರು 208 ಮೈಕ್ರೋಸೆಕೆಂಡು. ಟವರುಗಳು ಜಿಪಿಎಸ್ ಗಡಿಯಾರ ನೋಡಿಕೊಂಡು ತಾಳ ತಪ್ಪದೆ ಕಳಿಸುತ್ತವೆ ನಿಜ. ಆದರೆ ಒಂದು ಟವರು ಮನೆಗೆ 5 ಕಿ.ಮೀ., ಇನ್ನೊಂದು 20 ಕಿ.ಮೀ. ದೂರ ಅಂದುಕೊಳ್ಳಿ. ರೇಡಿಯೋ ಅಲೆ ಮೈಕ್ರೋಸೆಕೆಂಡಿಗೆ 300 ಮೀಟರ್ ಓಡುತ್ತೆ, ಹಾಗಾಗಿ ಎರಡನೆಯದು 50 ಮೈಕ್ರೋಸೆಕೆಂಡು ತಡ. ಅಂದರೆ ಸಂಕೇತದ ಕಾಲುಭಾಗ. ಎರಡೂ ಸರಿಸಮ ಜೋರಿದ್ದರೆ ಸಾಧಾರಣ ಸ್ಕ್ಯಾನರಿನ ತಲೆ ಕೆಡಲು ಅಷ್ಟು ಸಾಕು. ಕಡ್ಡಿ ಮಾತ್ರ ಐದಕ್ಕೈದು! ಕಡ್ಡಿ ಹೇಳೋದು ಎಷ್ಟು ಜೋರು ಅಂತ, ಎಷ್ಟು ಶುದ್ಧ ಅಂತ ಅಲ್ಲ.

ನಾನು ಟಿವಿ ರಿಪೇರಿಯಲ್ಲಿ ಕೈ ಸುಟ್ಟುಕೊಂಡವನು. ದೂರದರ್ಶನದ ಕಾಲದಲ್ಲಿ ವಾರ್ತೆ ಓದುವವರ ಪಕ್ಕ ಅವರದೇ ನೆರಳು ಬರುತ್ತಿತ್ತಲ್ಲ, ಅದಕ್ಕೂ ಜನ ಬೂಸ್ಟರ್ ಕೇಳುತ್ತಿದ್ದರು. ನಾವು ಆಂಟೆನಾ ತಿರುಗಿಸಿ ನೆರಳು ಓಡಿಸುತ್ತಿದ್ದೆವು. ಆ ರಾತ್ರಿ ಅಕ್ಕನಿಗೆ ಹೇಳಿದ್ದೂ ಅದೇ ಬುದ್ಧಿ.

"ಮೊದಲು ಆಂಪ್ಲಿಫೈಯರ್ ಕಿತ್ತು ಹಾಕು. ಪ್ರೋಗ್ರಾಂನಲ್ಲಿ ಸುತ್ತಲಿನ ಸೈಟುಗಳನ್ನೆಲ್ಲ ತೆಗೆದು ನಿಮ್ಮೂರಿನದೊಂದನ್ನೇ ಇಡು. ಅಟೆನುಯೇಟರ್ ಆನ್ ಮಾಡು, ಅಂದರೆ ಸಿಗ್ನಲ್ ಕಮ್ಮಿ ಮಾಡು. ಆಮೇಲೆ ರೇಡಿಯೋನ ಮನೆಯೆಲ್ಲ ಸುತ್ತಿಸು. ಈ ಅಲೆ ಒಂದಡಿ ಚಿಲ್ಲರೆ ಉದ್ದ, ಒಂದು ಗೇಣು ಸರಿಸಿದರೂ ವ್ಯತ್ಯಾಸ ಆಗುತ್ತೆ."

"ಕಮ್ಮಿ ಮಾಡೋದಾ? ಹುಚ್ಚು ಹಿಡಿದಿದೆಯೇನೋ ನಿನಗೆ?"

ಸರಿಸುತ್ತಾ ಸರಿಸುತ್ತಾ ಕೊನೆಗೆ ಕೆಳಗಿನ ಕೋಣೆಯ ಗೋಡೆ ಪಕ್ಕದಲ್ಲಿ ಮಾತು ಹಿಡಿಯಿತು. ಆ ಗೋಡೆ ಒಂದು ಕಡೆಯ ಟವರನ್ನು ಮರೆಮಾಡಿತ್ತು. ಆಗ ಕಡ್ಡಿ ಮೂರೇ! ಪೂರ್ತಿ ಸರಿಹೋಯಿತು ಅನ್ನಲಾರೆ, ಹತ್ತು ಮಾತಿನಲ್ಲಿ ಏಳೆಂಟು ಸಿಕ್ಕವು. ಅದಕ್ಕೂ ಮುಂದಿನ ದಾರಿ ಯಾಗಿ ಆಂಟೆನಾ. ಒಂದು ಟವರಿಗೆ ಮುಖ, ಇನ್ನೊಂದಕ್ಕೆ ಬೆನ್ನು ಕೊಟ್ಟು ನಿಲ್ಲಿಸೋದು.

ಹಾಗಾದರೆ ಅಗ್ನಿಶಾಮಕದವರ ಸೆಟ್ಟಿಗೆ ಈ ಕಾಟ ಯಾಕಿಲ್ಲ? ಸೈಮಲ್‌ಕಾಸ್ಟಿಗೆ ಬಳಸುವ ಮಾಡ್ಯುಲೇಶನ್ ಬೇರೆ, ಅದನ್ನು ಬಿಡಿಸುವ ಸರ್ಕ್ಯೂಟು ಆ ಸೆಟ್ಟುಗಳಲ್ಲಿದೆ. ಸ್ಕ್ಯಾನರುಗಳಿಗೆ ಬಹುಕಾಲ ಅದನ್ನು ಹಾಕಲೇ ಇಲ್ಲ. ಹಾಕದೆಯೇ ಡಬ್ಬಿ ಮೇಲೆ 'ಡಿಜಿಟಲ್, ಟ್ರಂಕಿಂಗ್' ಅಂತ ಅಚ್ಚು ಹೊಡೆದು ಮಾರಿದರು. ನನ್ನ ಸಿಟ್ಟೆಲ್ಲ ಇಲ್ಲಿ. 2018ರಲ್ಲಿ ಎಸ್‌ಡಿಎಸ್100 ಬಂದ ಮೇಲೆ ಆ ಕೆಲಸಕ್ಕೆಂದೇ ಮಾಡಿದ ಸ್ಕ್ಯಾನರು ಸಿಕ್ಕಿತು. ಅಗ್ಗದ ಆರ್‌ಟಿಎಲ್-ಎಸ್‌ಡಿಆರ್ ಕಡ್ಡಿಯೊಂದನ್ನು ಕಂಪ್ಯೂಟರಿಗೆ ಚುಚ್ಚಿ ಒಪಿ25 ಅಥವಾ ಎಸ್‌ಡಿಆರ್‌ಟ್ರಂಕ್ ಹಾಕಿಕೊಂಡರೂ ಆಗುತ್ತೆ, ಎರಡೂ ಪುಕ್ಕಟೆ ಸಾಫ್ಟ್‌ವೇರ್. ಅಕ್ಕನ ಮನೆಯ ಆಂಪ್ಲಿಫೈಯರ್ ದುಡ್ಡಿಗಿಂತ ಕಮ್ಮಿ!

"ನಮ್ಮನೇಲಿ ಬೂಸ್ಟರಿಂದ ಸರಿಹೋಯ್ತಲ್ಲ" ಅನ್ನುವವರಿದ್ದಾರೆ. ಆಗಿರಬಹುದು. ಟವರು ನಿಜವಾಗಿಯೂ ದೂರ ಇದ್ದು ಸಿಗ್ನಲ್ ನಿಜವಾಗಿಯೂ ಸೊರಗಿದ್ದರೆ ಬೂಸ್ಟರ್ ಬೇಕು. ನಾನು ಹೇಳೋದು, ನಾಡಿ ಹಿಡಿಯದೆ ಮಾತ್ರೆ ಕೊಡಬೇಡಿ ಅಂತ. ಮಾತು ಬರುವುದೇ ಇಲ್ಲ ಅಂದರೆ ಅದು ಗೂಢಲಿಪಿಯೂ ಇರಬಹುದು. 2020ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ ಸುತ್ತೋಲೆ ಹೊರಡಿಸಿದ ಮೇಲೆ ಎಷ್ಟೋ ಊರಿನ ಪೊಲೀಸರು ಮಾತಿಗೆ ಬೀಗ ಹಾಕಿಕೊಂಡರು. ಆ ಬೀಗಕ್ಕೆ ಯಾವ ಆಂಟೆನಾವೂ ಕೀಲಿಕೈ ಅಲ್ಲ.

ಇದನ್ನೋದಿ ನಮ್ಮೂರಲ್ಲೂ ಪೊಲೀಸ್ ವೈರ್‌ಲೆಸ್ ಕೇಳೋಣ ಅಂತ ಹೊರಡಬೇಡಿ ಮತ್ತೆ. 1933ರ ಕಾಯ್ದೆಯ ಕಾಲದಿಂದಲೂ ನಮ್ಮಲ್ಲಿ ಇಂಥ ಉಪಕರಣ ಇಟ್ಟುಕೊಳ್ಳಲು ಪರವಾನಗಿ ಬೇಕು. ಆಸೆ ಇದ್ದವರು ಹ್ಯಾಮ್ ಪರೀಕ್ಷೆ ಬರೆದು ಹವ್ಯಾಸಿಗಳ ಲೋಕಕ್ಕೆ ಬನ್ನಿ.

ನಾವು ಬ್ಲಾಗಿಗರೂ ಸಾಚಾಗಳಲ್ಲ. ಯಾರೋ ಬರೆದ 'ಸಿಗ್ನಲ್ ಹೆಚ್ಚಿಸುವ ಹತ್ತು ಉಪಾಯ'ವನ್ನು ಪರೀಕ್ಷೆ ಮಾಡದೆ ಕನ್ನಡಕ್ಕಿಳಿಸಿ ಹಾಕ್ತೀವಿ. ಅದನ್ನು ನಂಬಿ ಯಾರೋ ಚಾವಣಿ ಹತ್ತುತ್ತಾರೆ. ದಯವಿಟ್ಟು ಹನ್ನೊಂದನೆಯ ಉಪಾಯವನ್ನೂ ಬರೆಯಿರಿ: ಕಮ್ಮಿ ಮಾಡಿ ನೋಡಿ.

ಅಂದಹಾಗೆ ಅಕ್ಕನ ಅತ್ತೆ ಆರಾಮಾಗಿದ್ದಾರೆ. ಆಂಪ್ಲಿಫೈಯರ್ ಇನ್ನೂ ಅಟ್ಟದ ಮೇಲಿದೆಯಂತೆ. ಯಾರಿಗಾದರೂ ಬೇಕಾ? :)