ಮನೆ ಬಾಡಿಗೆಗೆ ಇದೆ. ತಾವು ಯಾವ ಪೈಕಿ?

ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಂತಹ ಊರಿನಲ್ಲಿ ಬಾಡಿಗೆ ಮನೆಯನ್ನು ಅರಸುವವರು ಯಾರು? ವರ್ಗವಾಗಿ ಬಂದ ಶಿಕ್ಷಕರು, ಬ್ಯಾಂಕಿನ ನೌಕರರು, ಆರೋಗ್ಯ ಕೇಂದ್ರದ ದಾದಿಯರು, ಅಡಿಕೆ ಸುಗ್ಗಿಗೆಂದು ಬಂದು ನಿಲ್ಲುವ ಕೂಲಿಕಾರರು. ಇವರು ಬಾಗಿಲಿಗೆ ಬಂದಾಗ ನಮ್ಮವರು ಮೊದಲು ಕೇಳುವುದು ಉದ್ಯೋಗವನ್ನಲ್ಲ, ‘ತಾವು ಯಾವ ಪೈಕಿ?’ ಎಂಬುದನ್ನು. ಉತ್ತರ ರುಚಿಸದಿದ್ದರೆ, ‘ಅಯ್ಯೋ, ನಿನ್ನೆಯಷ್ಟೇ ಬೇರೆಯವರಿಗೆ ಮಾತು ಕೊಟ್ಟೆವು’ ಎಂಬ ನುಡಿ. ‘ಬಾಡಿಗೆಗೆ ಇದೆ’ ಎಂಬ ಹಲಗೆ ಮಾತ್ರ ಮರುದಿನವೂ ಅಲ್ಲಿಯೇ ತೂಗುತ್ತಿರುತ್ತದೆ.

ಬಾಡಿಗೆದಾರನನ್ನು ವಿಚಾರಿಸಲೇಬಾರದೆಂದು ನನ್ನ ವಾದವಲ್ಲ. ಗುರುತಿನ ಚೀಟಿಯ ಪ್ರತಿ ಪಡೆಯಿರಿ. ಎಲ್ಲಿ ದುಡಿಯುತ್ತಾನೆ, ಹಿಂದಿನ ಮನೆಯ ಬಾಡಿಗೆಯನ್ನು ಸಕಾಲಕ್ಕೆ ಸಲ್ಲಿಸಿದನೇ, ಎಷ್ಟು ಜನ ವಾಸಿಸುವರು ಎಂದು ಕೇಳಿರಿ. ಮುಂಗಡ, ವಿದ್ಯುತ್ ಶುಲ್ಕ, ತೆರವಿನ ಅವಧಿಗಳನ್ನು ಕರಾರುಪತ್ರದಲ್ಲಿ ಬರೆಯಿಸಿರಿ. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯಿದೆಯಂತೆ ನೋಂದಾಯಿಸಬೇಕಾದುದರಿಂದಲೇ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿದೆ. ಇವೆಲ್ಲ ಗೃಹಸ್ಥನ ವಿವೇಕ. ಆದರೆ ಹುಟ್ಟಿನ ವಿಚಾರಣೆಯಿಂದ ಬಾಡಿಗೆಯ ಭದ್ರತೆಯಾಗಲಿ ಗೋಡೆಯ ಸುಣ್ಣವಾಗಲಿ ಉಳಿಯುವುದೇ?

‘ಬಸದಿ’ ಎಂಬ ನಮ್ಮ ಪವಿತ್ರ ಶಬ್ದವೇ ‘ವಸತಿ’ಯಿಂದ ಬಂದುದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಆಹಾರ, ಔಷಧ, ಉಪಕರಣಗಳೊಡನೆ ಆವಾಸವನ್ನೂ ದಾನಗಳಲ್ಲಿ ಎಣಿಸಿದರು. ಅದು ಸತ್ಪಾತ್ರರಿಗೆ ಹೇಳಿದ ಮಾತು, ಬಾಡಿಗೆಗಲ್ಲ ಎನ್ನಬಹುದು, ಒಪ್ಪಿದೆ. ಆದರೆ ಅದೇ ಗ್ರಂಥ ಎಂಟು ಮದಗಳಲ್ಲಿ ಕುಲಮದ, ಜಾತಿಮದಗಳನ್ನು ಹೆಸರಿಸಿದೆ. ಸಮ್ಯಗ್ದರ್ಶನವುಳ್ಳವನು ಮಾತಂಗ ಕುಲದವನಾದರೂ ಪೂಜ್ಯನೆಂದಿದೆ. ಪರ್ಯೂಷಣದಲ್ಲಿ ಇದನ್ನು ಕೇಳಿ ತಲೆದೂಗಿದವರು ಮನೆಯ ಬೀಗದ ಕೈ ಹಿಡಿದಾಗ ಮರೆಯುವುದೇಕೆ?

ಇನ್ನು ಆ ‘ನಿನ್ನೆ ಕೊಟ್ಟೆವು’ ಎಂಬ ಮಾತು. ಅದು ಸತ್ಯಾಣುವ್ರತದ ಭಂಗವಲ್ಲವೇ? ಒಂದು ಸುಳ್ಳು ಇನ್ನೊಂದನ್ನು ಹಡೆಯುತ್ತದೆ. 1917ರಲ್ಲಿ ಬರೋಡಾ ಸಂಸ್ಥಾನದ ಸೇವೆಗೆ ಬಂದ ಡಾ. ಅಂಬೇಡ್ಕರ್ ಅವರು ವಸತಿ ದೊರೆಯದೆ ಪಾರ್ಸಿ ಛತ್ರವೊಂದರಲ್ಲಿ ಪಾರ್ಸಿ ಹೆಸರಿನಿಂದ ತಂಗಬೇಕಾಯಿತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದು ಬಂದವರು ಅವರನ್ನು ಹೊರಗಟ್ಟಿದರು. ವಿದೇಶದಲ್ಲಿ ವಿದ್ಯೆ ಪಡೆದು ಬಂದ ವಿದ್ವಾಂಸನು ಹೆಸರು ಮರೆಸಬೇಕಾದ ಸ್ಥಿತಿಗೆ ಹೊಣೆ ಯಾರು? ಮರೆಸಿದವನೇ, ಮರೆಸುವಂತೆ ಮಾಡಿದವರೇ?

‘ಮಾಂಸಾಹಾರಿಗೆ ಮನೆ ಕೊಟ್ಟರೆ ಹಿಂಸೆಗೆ ಅನುಮೋದನೆ ನೀಡಿದಂತೆ’ ಎಂಬ ಆಕ್ಷೇಪವಿದೆ. ಇದನ್ನು ಹಗುರವಾಗಿ ತಳ್ಳಲಾರೆ. ಒಂದೇ ಗೋಡೆಯ ಆಚೆ ವ್ರತನಿಷ್ಠ ವೃದ್ಧರಿರುವಾಗ, ಈ ಮನೆಯಲ್ಲಿ ಮಾಂಸ ಬೇಯಿಸಬಾರದೆಂದು ಕರಾರಿನಲ್ಲಿಯೇ ಬರೆಯಿಸಿ, ಬಂದವರೆಲ್ಲರಿಗೂ ಓದಿ ಹೇಳಿರಿ. ಅದು ಆಚಾರದ ನಿಯಮ. ಒಪ್ಪುವವನು ಒಪ್ಪಲಿ, ಒಪ್ಪದವನು ಬೇರೆಡೆ ಹೋಗಲಿ. ಆದರೆ ಹೆಸರು ಕೇಳಿದೊಡನೆ ಆಹಾರವನ್ನು ಊಹಿಸುವುದು ನಿಯಮವಲ್ಲ, ಪೂರ್ವಗ್ರಹ. ಅನುಮೋದನೆಯ ಅಂಜಿಕೆ ನಿಜವಾದರೆ ಅದು ಮಳಿಗೆಗೂ ಅನ್ವಯಿಸಲಿ. ಶ್ರಾವಕನಿಗೆ ನಿಷಿದ್ಧವಾದ ಹದಿನೈದು ಕರ್ಮಗಳಲ್ಲಿ ವಿಷವಾಣಿಜ್ಯವೂ ಒಂದು. ಕೀಟನಾಶಕದ ದಾಸ್ತಾನಿಗೆ ಗೋದಾಮನ್ನು ಮರುಮಾತಿಲ್ಲದೆ ಕೊಡುವ ಕೈ, ಶಾಲೆಯ ಮೇಷ್ಟರಿಗೆ ಎರಡು ಕೋಣೆ ಕೊಡಲು ನಡುಗುವುದಾದರೆ ಅಲ್ಲಿ ಅಂಜಿಕೆ ಹಿಂಸೆಯದಲ್ಲ, ನೆರೆಯವರ ಮಾತಿನದು.

ಕಾನೂನು ತಮ್ಮ ಕಡೆಗಿದೆಯೆಂದು ಕೆಲವರಿಗೆ ನೆಮ್ಮದಿ. ಸಂವಿಧಾನದ 15(2)ನೆಯ ವಿಧಿ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಸುತ್ತದೆ, ಖಾಸಗಿ ಮನೆಯನ್ನಲ್ಲ. 2005ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅಹಮದಾಬಾದಿನ ಪಾರ್ಸಿ ಗೃಹನಿರ್ಮಾಣ ಸಹಕಾರ ಸಂಘದ ಸ್ವಮತೀಯ ನಿಯಮವನ್ನು ಎತ್ತಿಹಿಡಿದುದೂ ನಿಜ. ಆದರೆ ದಂಡ ವಿಧಿಸದಿರುವುದನ್ನೆಲ್ಲ ಧರ್ಮವೆಂದು ಕರೆಯುವುದಾದರೆ ಅಣುವ್ರತಗಳ ಅಗತ್ಯವೇನಿತ್ತು?

ಮನೆ, ಮಳಿಗೆಗಳುಳ್ಳ ಬಸದಿ ಟ್ರಸ್ಟುಗಳ ಧರ್ಮದರ್ಶಿಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಭೆಯಲ್ಲಿ ಬಾಡಿಗೆಯ ಷರತ್ತುಗಳನ್ನು ಬರೆದಿಡಿ. ಅವು ಎಲ್ಲರಿಗೂ ಒಂದೇ ಆಗಿರಲಿ. ಜಾತಿಯ ಪ್ರಶ್ನೆ ಅದರಲ್ಲಿ ಇಲ್ಲದಿರಲಿ. ನಿರಾಕರಿಸಬೇಕಾದರೆ ನಿಜವಾದ ಕಾರಣವನ್ನು ಮುಖ ನೋಡಿ ಹೇಳಿರಿ. ಹೇಳಲು ನಾಚಿಕೆಯಾಗುವ ಕಾರಣವಿದ್ದರೆ, ಆ ನಾಚಿಕೆಯೇ ತೀರ್ಪು.