ಬೀರುವಿಗೆ ಸೇರದ ಕ್ಯಾಮೆರಾ

ಹದಿನಾಲ್ಕು ಹದಿನೈದರ ಪ್ರಾಯದ ಮಗುವಿಗೆ ಶಾಲೆಯ ಛಾಯಾಗ್ರಹಣ ತರಗತಿಗೆಂದು ಕ್ಯಾಮೆರಾ ಕೊಡಿಸಬೇಕಾಗಿ ಬಂದಾಗ ತಂದೆತಾಯಿಗಳು ಮೊದಲು ವಿಚಾರಿಸುವುದು ಅದರ ಮೆಗಾಪಿಕ್ಸೆಲ್ ಎಷ್ಟೆಂಬುದನ್ನು, ಆಮೇಲೆ ಅದರ ಬೆಲೆಯನ್ನು. ಕೊಂಡು ತಂದ ಮೇಲೆ ಅದು ಮನೆಯಲ್ಲಿ ಎಲ್ಲಿ ಇರತಕ್ಕದ್ದು, ಯಾರ ಅಪ್ಪಣೆಯಿಂದ ಹೊರಗೆ ಬರತಕ್ಕದ್ದು ಎಂಬ, ನನ್ನ ಮತದಲ್ಲಿ ಇವೆರಡಕ್ಕಿಂತಲೂ ಗುರುತರವಾದ ಪ್ರಶ್ನೆಯನ್ನು ಅಂಗಡಿಗೆ ಹೋಗುವ ಮುನ್ನ ಕೇಳಿಕೊಳ್ಳುವವರು ಬಹಳ ವಿರಳ. ಅಭ್ಯಾಸದಿಂದಲ್ಲದೆ ಬಾರದ ವಿದ್ಯೆಗಳಲ್ಲಿ ಛಾಯಾಗ್ರಹಣವೂ ಒಂದಾದುದರಿಂದ, ಯಾವ ಕ್ಯಾಮೆರಾ ಕೆಟ್ಟರೂ ಕಳೆದರೂ ಮನೆಯ ಹಿರಿಯರು ಒಂದು ದಿನ ಮುನಿಸಿಕೊಂಡು ಮರುದಿನ ಮರೆಯಬಲ್ಲರೋ ಅದೇ ಆ ಮನೆಯ ಮಗುವಿಗೆ ತಕ್ಕ ಕ್ಯಾಮೆರಾ ಎಂದು ನಾನು ನಂಬಿದ್ದೇನೆ.

ಈ ವಿಚಾರವನ್ನು ಬರೆಯುವುದಕ್ಕೆ ಪ್ರೇರಣೆಯಾದದ್ದು ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ತಾಲ್ಲೂಕಿನ ಕೆಂಚನಗುಡ್ಡದ ರೈತರೊಬ್ಬರು ಕೇಳಿದ ಮಾತು. "ಸರ, ಹುಡುಗಿ ಒಂದೇ ಸಮ ಕೇಳಾಕ್ಹತ್ಯಾಳ, ಸಾಲ್ಯಾಗ ದೊಡ್ಡ ಕ್ಯಾಮೆರಾನೇ ಬೇಕಂತಾರಂತ. ಯಾವ್ದು ಕೊಡಿಸ್ಲಿ ಹೇಳ್ರಿ." ತುಂಗಭದ್ರೆಯ ದಂಡೆಯ ಆ ಊರಿನ ಸುತ್ತಲೂ ನೆಲ್ಲಿನ ಗದ್ದೆಗಳು, ನಾಟಿಯ ಕಾಲದಲ್ಲಿ ಕಾಲಿಟ್ಟಲ್ಲೆಲ್ಲ ಕೆಸರು, ಕೊಯ್ಲಿನ ಕಾಲದಲ್ಲಿ ಯಂತ್ರಗಳೆಬ್ಬಿಸುವ ಹೊಟ್ಟಿನ ಧೂಳು, ಚೈತ್ರ ವೈಶಾಖಗಳಲ್ಲಿ 40 ಡಿಗ್ರಿಯನ್ನು ದಾಟುವ ಬಿಸಿಲು. ಇಂಥ ಊರಿನ ಮನೆಗೆ, ಒಂದು ಬೆಳೆಯ ಗೊಬ್ಬರ ಔಷಧಿಗಳ ಖರ್ಚನ್ನು ನುಂಗುವಷ್ಟು ಬೆಲೆಯ ಹೊಸ ಕ್ಯಾಮೆರಾ ಬಂದಿತೆಂದರೆ ಅದರ ಗತಿ ಏನಾಗುವುದೆಂದು ಊಹಿಸುವುದು ಕಷ್ಟವಲ್ಲ. ಮೊದಲ ವಾರ ಪೂಜೆ, ಎರಡನೆಯ ವಾರ ನೆಂಟರ ಪ್ರಶಂಸೆ; ಮೂರನೆಯ ವಾರ ಅದು ಬೀರುವಿನೊಳಗೆ, ರೇಷ್ಮೆ ಸೀರೆಗಳ ಮಡಿಕೆಯ ನಡುವೆ, ಬೆಳ್ಳಿಯ ಬಟ್ಟಲುಗಳ ನೆರೆಯಲ್ಲಿ ನೆಲೆಸುತ್ತದೆ; ಮದುವೆ ಮುಂಜಿಗಳಿಗೆ ಹೊರಬಂದರೂ ಅದನ್ನು ಹಿಡಿಯುವವನು ಸೋದರಮಾವನೇ ಹೊರತು ಕಲಿಯಬೇಕಾದ ಹುಡುಗಿಯಲ್ಲ. ಇದರಲ್ಲಿ ಮನೆಯವರ ತಪ್ಪೇನೂ ಇಲ್ಲ. ಬೆಲೆಯುಳ್ಳ ವಸ್ತುವನ್ನು ಕಾಪಾಡುವುದು ಗೃಹಸ್ಥಧರ್ಮ. ಆದರೆ ಮಳೆಗಾಲದಲ್ಲಿ ಗಾಳಿ ಬೆಳಕುಗಳಿಲ್ಲದೆ ಮುಚ್ಚಿಟ್ಟ ಲೆನ್ಸಿನ ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆಂಬುದೂ, ಬಿಸಿಲಿಗೆ ಗಾಳಿಗೆ ಆಗಾಗ ಒಡ್ಡಿಕೊಳ್ಳುವ ಲೆನ್ಸಿಗೆ ಆ ಭಯ ಕಡಿಮೆಯೆಂಬುದೂ ಆ ಕಾಪಾಡುವವರಿಗೆ ತಿಳಿದಿರಬೇಕಲ್ಲವೆ?

ಹಾಗಾದರೆ ಕೈಯಲ್ಲಿರುವ ಫೋನು ಸಾಲದೆ ಎಂದು ಕೇಳುವವರಿದ್ದಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಚೌಕಟ್ಟಿನೊಳಗೆ ಯಾವುದಿರಬೇಕು, ಯಾವುದು ಹೊರಗುಳಿಯಬೇಕು ಎಂಬ ವಿವೇಚನೆಯನ್ನು ಫೋನಿನಲ್ಲಿಯೂ ಧಾರಾಳವಾಗಿ ಕಲಿಯಬಹುದು. ಮೊದಲ ಎರಡು ಮೂರು ತಿಂಗಳು ಅದರಲ್ಲಿಯೇ ಕಲಿಯಲಿ ಎಂಬುದು ನನ್ನ ಸಲಹೆಯೂ ಹೌದು. ಆದರೆ ಈಗಿನ ಫೋನುಗಳು ಗುಂಡಿ ಒತ್ತಿದ ಕ್ಷಣದಲ್ಲಿ ಹಲವು ಚಿತ್ರಗಳನ್ನು ತೆಗೆದು, ಒಂದರ ನೆರಳನ್ನೂ ಇನ್ನೊಂದರ ಬೆಳಕನ್ನೂ ಆಯ್ದು ಬೆಸೆದು, ಅಂದವಾದ ಒಂದನ್ನು ನಮ್ಮ ಮುಂದಿಡುತ್ತವೆ. ಅವುಗಳಲ್ಲಿ ಬಹುಪಾಲಿನ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕನ್ನು ಬಿಡುವ ಕಿಂಡಿ, ಒಂದೇ ಅಳತೆಗೆ ನಿಂತದ್ದು. ಹಿನ್ನೆಲೆ ಮಸುಕಾಗಿ ಕಾಣುವುದು ಗಾಜಿನ ಗುಣದಿಂದಲ್ಲ, ಗಣಿತದಿಂದ. ಕಲಿಯುವ ಮಗುವಿನ ತಪ್ಪನ್ನು ಅದು ನೋಡುವ ಮೊದಲೇ ಯಂತ್ರವು ತಿದ್ದಿಬಿಟ್ಟರೆ ಆ ಮಗು ಯಾವುದರಿಂದ ಕಲಿಯಬೇಕು? ಆಕಾಶ ಬೆಳ್ಳಗೆ ಸುಟ್ಟುಹೋದ ಚಿತ್ರವನ್ನೂ, ಕೈನಡುಗಿ ಕದಡಿದ ಚಿತ್ರವನ್ನೂ ಕಣ್ಣಾರೆ ಕಂಡು, ಇದು ಹೀಗೇಕಾಯಿತೆಂದು ಮಾಸ್ತರರನ್ನು ಕೇಳುವ ಅವಕಾಶವನ್ನು ಕೊಡತಕ್ಕ ಕ್ಯಾಮೆರಾವೇ ತರಗತಿಗೆ ಬೇಕಾದದ್ದು. ಅಂದರೆ ಅಪರ್ಚರ್, ಶಟರ್ ವೇಗ, ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯನ್ನು ಏರಿಸಿಳಿಸುವ ಐಎಸ್‌ಒ ಈ ಮೂರನ್ನೂ ಕೈಯಾರೆ ತಿರುಗಿಸಿ ನಿರ್ಣಯಿಸುವ ಸೌಕರ್ಯವಿರಬೇಕು. ಇದಕ್ಕಿಂತ ಹೆಚ್ಚಿನದನ್ನು ಶಾಲೆ ಕೇಳುವುದೂ ತಪ್ಪು, ನಾವು ಕೊಡಿಸುವುದೂ ತಪ್ಪು.

ಮೆಗಾಪಿಕ್ಸೆಲ್‌ನ ಮೋಹವನ್ನಂತೂ ಮೊದಲು ಬಿಡತಕ್ಕದ್ದು. 2012ರಲ್ಲಿ ಬಂದ ನಿಕಾನ್ ಡಿ3200ಕ್ಕೂ 24 ಮೆಗಾಪಿಕ್ಸೆಲ್, 2018ರಲ್ಲಿ ಬಂದ ಕ್ಯಾನನ್ 1500ಡಿಗೂ 24 ಮೆಗಾಪಿಕ್ಸೆಲ್. ಶಾಲೆಯ ಗೋಡೆಗೆ ಅಂಟಿಸುವ ಎ4 ಅಳತೆಯ ಚಿತ್ರವನ್ನು ಚೆನ್ನಾಗಿ ಅಚ್ಚು ಹಾಕಿಸಲು 9 ಮೆಗಾಪಿಕ್ಸೆಲ್ ಇದ್ದರೆ ಸಾಕು. ಆದುದರಿಂದ ಯಾರೋ ಬಳಸಿ ಬಿಟ್ಟ ಡಿಎಸ್‌ಎಲ್‌ಆರ್ ಒಂದನ್ನು ಸೆಕೆಂಡ್ ಹ್ಯಾಂಡಾಗಿ ಕೊಳ್ಳುವುದರಲ್ಲಿ ಯಾವ ಅಗೌರವವೂ ಇಲ್ಲ. ಮದುವೆಯ ಫೋಟೋಗ್ರಾಫರುಗಳು ಕನ್ನಡಿಯಿಲ್ಲದ ಹೊಸ ಮಿರರ್‌ಲೆಸ್ ಕ್ಯಾಮೆರಾಗಳತ್ತ ಹೊರಳುತ್ತಿರುವ ಈ ಕಾಲದಲ್ಲಿ ಅವರ ಹಳೆಯ ಬಾಡಿಗಳು ಪಟ್ಟಣದ ಸ್ಟುಡಿಯೋಗಳಲ್ಲಿ ಕೇಳುವವರಿಗಾಗಿ ಕಾದಿರುವುದುಂಟು. ಕೊಳ್ಳುವಾಗ ಲೆನ್ಸಿನ ಹಿಂದಿನಿಂದ ಟಾರ್ಚು ಬಿಟ್ಟು ಒಳಗೆ ಜೇಡನ ಬಲೆಯಂಥ ಬೂಷ್ಟು ಉಂಟೋ ನೋಡಬೇಕು. ಅಪರ್ಚರನ್ನು ಎಫ್16ಕ್ಕೆ ಇಟ್ಟು ಬರಿಯ ಆಕಾಶದ ಒಂದು ಚಿತ್ರ ತೆಗೆದು, ಕರಿಯ ಚುಕ್ಕೆಗಳು ಕಂಡರೆ ಸೆನ್ಸರಿನ ಮೇಲೆ ಧೂಳು ಕೂತಿದೆಯೆಂದು ತಿಳಿಯಬೇಕು. ಶಟರು ಎಷ್ಟು ಬಾರಿ ತೆರೆದು ಮುಚ್ಚಿದೆಯೆಂದು ಕೇಳಬೇಕು, ಏಕೆಂದರೆ ನಿಕಾನಿನ ಡಿ3000 ವರ್ಗದ ಕ್ಯಾಮೆರಾಗಳ ಶಟರು ಸುಮಾರು 1 ಲಕ್ಷ ಬಾರಿಯ ಲೆಕ್ಕಕ್ಕೆ ಪರೀಕ್ಷಿಸಲ್ಪಟ್ಟದ್ದು. ಮದುವೆಯ ಕೆಲಸ ಮಾಡಿದ ಬಾಡಿಯಾದರೆ ಆ ಸಂಖ್ಯೆಯನ್ನು ಮಾರುವವನ ಬಾಯಿಂದಲ್ಲ, ಕಂಪ್ಯೂಟರಿನಲ್ಲಿ ನೋಡಿಯೇ ನಂಬುವುದು ಲೇಸು.

ಲೆನ್ಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ನಿಕಾನಿನ ಡಿ3000, ಡಿ5000 ವರ್ಗದ ಬಾಡಿಗಳೊಳಗೆ ಫೋಕಸ್ ಮಾಡುವ ಮೋಟಾರು ಇರುವುದಿಲ್ಲ. ಅಗ್ಗವಾಗಿ ಸಿಕ್ಕಿತೆಂದು ಎಎಫ್-ಡಿ ಎಂಬ ಹಳೆಯ 50 ಎಂಎಂ ಲೆನ್ಸನ್ನು ಕೊಂಡವರು ಅದನ್ನು ಕೈಯಿಂದಲೇ ತಿರುಗಿಸುತ್ತ ಕೂರಬೇಕಾಗುತ್ತದೆ. ಎಎಫ್-ಎಸ್ ಎಂಬ ಗುರುತಿರುವುದನ್ನೇ ಕೇಳಿ ಪಡೆಯಬೇಕು. ಝೂಮ್ ಇಲ್ಲದ 35 ಎಂಎಂ ಲೆನ್ಸೊಂದು ಸಿಕ್ಕಿದರೆ ಇನ್ನೂ ಉತ್ತಮ, ಏಕೆಂದರೆ ಈ ವರ್ಗದ ಕ್ಯಾಮೆರಾಗಳಲ್ಲಿ ಅದರ ನೋಟವು ನಮ್ಮ ಕಣ್ಣಿನ ಸಹಜ ನೋಟಕ್ಕೆ ಸಮೀಪವಾದದ್ದು; ಹತ್ತಿರ ಬೇಕಾದರೆ ಮಗು ಹತ್ತಿರ ನಡೆಯಬೇಕು, ದೂರ ಬೇಕಾದರೆ ಹಿಂದೆ ಸರಿಯಬೇಕು.

ಎಲ್ಲಿ ನಿಲ್ಲಬೇಕೆಂಬ ಈ ವಿದ್ಯೆಗೆ ನಮ್ಮ ಸೀಮೆಯಲ್ಲಿಯೇ ಒಂದು ಪುರಾತನ ದೃಷ್ಟಾಂತವಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವವರೆಗೆ ಬಳ್ಳಾರಿ ಜಿಲ್ಲೆಗೇ ಸೇರಿದ್ದ ಹಂಪೆಯಲ್ಲಿ, 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ಮೇಣ ಹಿಡಿಸಿದ ಕಾಗದದ ದೊಡ್ಡ ದೊಡ್ಡ ನೆಗೆಟಿವ್‌ಗಳ ಮೇಲೆ ಅಲ್ಲಿಯ ಗುಡಿಗೋಪುರಗಳನ್ನು ಸೆರೆಹಿಡಿದನು. ಭಾರವಾದ ಪೆಟ್ಟಿಗೆ, ಮೊದಲೇ ಸಿದ್ಧಪಡಿಸಬೇಕಾದ ಕಾಗದ, ಬೆಳಕಿಗೆ ಬಹುಹೊತ್ತು ತೆರೆದಿಡಬೇಕಾದ ಕಷ್ಟ. ಒಂದೊಂದು ಚಿತ್ರಕ್ಕೂ ಇಷ್ಟು ಶ್ರಮ ತಗಲುತ್ತಿದ್ದ ಕಾಲದಲ್ಲಿ ಮನುಷ್ಯನು ಎಲ್ಲಿ ನಿಲ್ಲಬೇಕೆಂಬುದನ್ನು ಚೆನ್ನಾಗಿ ಯೋಚಿಸಿಯೇ ನಿಲ್ಲುತ್ತಿದ್ದನು. 1983ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಗ್ರೀನ್‌ಲಾ ನಿಂತಿದ್ದ ಜಾಗಗಳನ್ನೇ ಹುಡುಕಿ ನಿಂತು ಅದೇ ದೃಶ್ಯಗಳನ್ನು ಮತ್ತೆ ತೆಗೆದರು. ಒಂದೂಕಾಲು ಶತಮಾನದಲ್ಲಿ ಕ್ಯಾಮೆರಾ ಗುರುತು ಸಿಗದಷ್ಟು ಬದಲಾಗಿತ್ತು. ನಿಲ್ಲತಕ್ಕ ಜಾಗ ಬದಲಾಗಿರಲಿಲ್ಲ.

ಕಲಿಯುವುದಕ್ಕೆ ಹಂಪೆಗೇ ಹೋಗಬೇಕೆಂದೂ ಇಲ್ಲ. ಬಳ್ಳಾರಿಯ ಬಳಿಯ ಕುಪ್ಪಗಲ್ಲಿನ ಬೆಟ್ಟದ ಕರಿಬಂಡೆಗಳ ಮೇಲೆ ಪ್ರಾಚೀನ ಮಾನವನು ಕುಟ್ಟಿ ಬಿಡಿಸಿದ ಗೂಳಿಗಳ ಚಿತ್ರಗಳಿವೆ. ಅವುಗಳ ವಿಚಾರವಾಗಿ 1892ರಲ್ಲಿಯೇ ಫಾಸೆಟ್ ಎಂಬ ಆಂಗ್ಲ ಅಧಿಕಾರಿ ಬರೆದಿದ್ದನು. ನಡುಹಗಲಿನ ನೆತ್ತಿಯ ಬಿಸಿಲಿನಲ್ಲಿ ಅಡಗಿಕೊಳ್ಳುವ ಇಂಥ ಗೀರುಗಳು ಇಳಿಹೊತ್ತಿನ ಓರೆಬೆಳಕಿನಲ್ಲಿ ಸ್ಫುಟವಾಗಿ ಎದ್ದು ಕಾಣುವುದನ್ನು ಒಮ್ಮೆ ನೋಡಿದ ಮಗುವಿಗೆ ಬೆಳಕಿನ ದಿಕ್ಕಿನ ಪಾಠವನ್ನು ಪುಸ್ತಕದಿಂದ ಹೇಳಬೇಕಾಗಿಲ್ಲ. ಕುರುಗೋಡಿನ ದೊಡ್ಡ ಬಸವೇಶ್ವರನ ಗುಡಿಯ ಒಳಗತ್ತಲೆಯಲ್ಲಿ ಐಎಸ್‌ಒ ಏರಿಸುವುದನ್ನು ಕಲಿಯಬಹುದು. ಕೆಂಚನಗುಡ್ಡದಲ್ಲಿಯೇ ವಸುಧೇಂದ್ರತೀರ್ಥರ ಬೃಂದಾವನವಿದೆ, ಆದರೆ ಅಲ್ಲಿ ಕೇಳಿಯೇ ಕ್ಯಾಮೆರಾ ತೆಗೆಯತಕ್ಕದ್ದು. ಕೇಳುವ ಆ ವಿನಯವೂ ತರಗತಿಯ ಪಾಠದಲ್ಲಿ ಸೇರಿದ್ದೇ ಸರಿ. ನಾಟಿ ಹಾಕುವ ಹೆಂಗಸರ ಕೈಗಳನ್ನು ಸೆಕೆಂಡಿನ 500ನೆಯ ಒಂದು ಭಾಗದಲ್ಲಿ ತೆಗೆದರೆ ಬೆರಳಿನಿಂದ ತೊಟ್ಟಿಕ್ಕುವ ನೀರಹನಿಯೂ ನಿಲ್ಲುತ್ತದೆ, 15ನೆಯ ಒಂದು ಭಾಗದಲ್ಲಿ ತೆಗೆದರೆ ಕೈಗಳು ಹೊಗೆಯಂತೆ ಹರಿದು ಸಸಿ ಮಾತ್ರ ನಿಲ್ಲುತ್ತದೆ. ನಮ್ಮ ಬಿಸಿಲಂತೂ ಕಲಿಯುವವರಿಗೆ ದೊಡ್ಡ ಉಪಕಾರಿ: ನಿರ್ಮಲವಾದ ಆಕಾಶದ ಕೆಳಗೆ ಅಪರ್ಚರ್ ಎಫ್16, ಐಎಸ್‌ಒ 100, ಶಟರು ಸೆಕೆಂಡಿನ ಸುಮಾರು 100ನೆಯ ಒಂದು ಭಾಗ ಎಂಬ ಹಳೆಯ ಸೂತ್ರವು ಮಲೆನಾಡಿನ ಮಗುವಿಗೆ ವರ್ಷದಲ್ಲಿ ಎಷ್ಟೋ ತಿಂಗಳು ನಿರುಪಯೋಗಿ, ಬಳ್ಳಾರಿಯ ಮಗುವಿಗೆ ಹೆಚ್ಚುಕಡಿಮೆ ವರ್ಷವೆಲ್ಲ ಆಧಾರ. ತೆಗೆಯಲು ಅಪರೂಪದ ದೃಶ್ಯವೇ ಬೇಕೆಂದೂ ಇಲ್ಲ: ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರು ಜೀವಮಾನವೆಲ್ಲ ಸಾಧಾರಣ ಜನರ ನಿತ್ಯದ ಬಾಳನ್ನೇ ತೆಗೆದವರು. ಅವರು ತೆಗೆದ ಮಕ್ಕಳ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶಿತವಾದವು.

ಇಷ್ಟು ಹೇಳಿದ ಮೇಲೆ ಶಾಲೆಗಳ ಪಾಲಿನ ಮಾತನ್ನೂ ಆಡಬೇಕು. ಛಾಯಾಗ್ರಹಣದ ತರಗತಿಯನ್ನು ತೆರೆದು, ಪ್ರತಿಯೊಂದು ಮಗುವೂ ಡಿಎಸ್‌ಎಲ್‌ಆರ್ ತರತಕ್ಕದ್ದೆಂದು ಪೋಷಕರ ಕೈಗೆ ಪಟ್ಟಿ ಕೊಡುವುದು, ಜೀವಶಾಸ್ತ್ರದ ಪಾಠಕ್ಕೆ ಮನೆಯಿಂದ ಸೂಕ್ಷ್ಮದರ್ಶಕವನ್ನು ತರಹೇಳಿದಂತೆ. ಆ ಪಟ್ಟಿಯನ್ನು ನೋಡಿದೊಡನೆ ಅಧಿಕಾರಿಯ ಮಗ ಹೊಸದನ್ನು ತರುತ್ತಾನೆ, ರೈತನ ಮಗಳು ಕಂತಿನ ಸಾಲಕ್ಕೆ ತಂದೆಯನ್ನು ಕಾಡುತ್ತಾಳೆ, ಕೂಲಿಯವನ ಮಗ ತನಗೆ ಅದರಲ್ಲಿ ಆಸಕ್ತಿಯೇ ಇಲ್ಲವೆಂದು ಮಾಸ್ತರರಿಗೆ ಹೇಳಿ ಬೇರೆ ತರಗತಿಗೆ ಹೋಗಿ ಕೂರುತ್ತಾನೆ. ಇದರ ಬದಲು ಶಾಲೆಯೇ ಮೂರು ನಾಲ್ಕು ಹಳೆಯ ಬಾಡಿಗಳನ್ನು ಕೊಂಡು, ಪುಸ್ತಕಭಂಡಾರದ ಪುಸ್ತಕಗಳಂತೆ ಸರದಿಯ ಮೇಲೆ ವಾರವಾರ ಮನೆಗೆ ಕೊಡಲಿ. ವಾರ್ಷಿಕೋತ್ಸವದ ಶಾಮಿಯಾನಕ್ಕೂ ವಿಡಿಯೋದವರಿಗೂ ಆಗುವ ವೆಚ್ಚದಲ್ಲಿ ಸ್ವಲ್ಪ ಕಡಿತ ಮಾಡಿದರೆ ಇದು ಅಸಾಧ್ಯವೇನಲ್ಲ. ಕೆಂಚನಗುಡ್ಡದ ಆ ತಂದೆಗೂ ನಾನು ಹೇಳಿದ್ದು ಇಷ್ಟೆ: ಕೊಳ್ಳಲು ಅವಸರಪಡಬೇಡಿ, ಮೊದಲು ಶಾಲೆಗೆ ಹೋಗಿ ಉಳಿದ ಪೋಷಕರೊಡನೆ ಕೂಡಿ ಇದನ್ನು ಕೇಳಿ, ಒಪ್ಪದಿದ್ದರೆ ಹಳೆಯದೊಂದನ್ನು ಪರೀಕ್ಷಿಸಿ ತನ್ನಿ.

ಶಾಲೆ ಒಪ್ಪಿದರೂ ಒಂದು ಕರಾರು ಆಗಲೇಬೇಕು. ಮುಖ್ಯೋಪಾಧ್ಯಾಯರ ಕೊಠಡಿಯ ಕಪಾಟಿನಲ್ಲಿ ಪ್ರಯೋಗಸಾಮಗ್ರಿಗಳು ಸೀಲು ಒಡೆಯದೆ ವರ್ಷಗಟ್ಟಲೆ ಕುಳಿತಿರುವುದನ್ನು ಕಂಡವರಿಗೆ ನಾನು ವಿವರಿಸಬೇಕಾದದ್ದಿಲ್ಲ. ವಸ್ತು ಕೆಟ್ಟರೆ ಜವಾಬ್ದಾರಿ ತಮ್ಮ ತಲೆಗೆ ಬರುತ್ತದೆಂಬ ಭಯವೇ ಆ ಬೀಗದ ಮೂಲ. ಆದುದರಿಂದ ಮಗುವಿನ ಕೈಯಲ್ಲಿ ಸಹಜವಾಗಿ ಕೆಟ್ಟ ಕ್ಯಾಮೆರಾದ ರಿಪೇರಿ ಖರ್ಚು ಶಾಲೆಯದು, ಪೋಷಕರದೂ ಅಲ್ಲ, ಮಾಸ್ತರರ ಸಂಬಳದಿಂದ ಹಿಡಿಯತಕ್ಕದ್ದೂ ಅಲ್ಲ ಎಂಬ ಸಾಲನ್ನು ಕ್ಯಾಮೆರಾ ರಿಜಿಸ್ಟರಿನ ಮೊದಲ ಪುಟದಲ್ಲಿಯೇ ಬರೆದು, ಆಡಳಿತ ಮಂಡಳಿಯ ರುಜುವನ್ನು ಹಾಕಿಸಿಕೊಂಡ ಮೇಲೆಯೇ ಮೊದಲ ಮಗುವಿಗೆ ಕ್ಯಾಮೆರಾ ಕೊಡತಕ್ಕದ್ದು.