ನಾಯಕತ್ವಕ್ಕೆ ಶುಲ್ಕ ಕಟ್ಟಬೇಡಿ

ಹೈಸ್ಕೂಲು ಮಕ್ಕಳಿಗೆ ದುಡ್ಡು ಪಡೆದು ‘ನಾಯಕತ್ವ’ ಕಲಿಸುವ ಶಿಬಿರಗಳಿಗೆ ಕಲಬುರಗಿಯ ಪಾಲಕರು ಸಾಲ ಮಾಡಿಯಾದರೂ ಹಣ ಹೊಂದಿಸುತ್ತಿದ್ದಾರೆ. ಆ ಹಣ ದಂಡ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ಮನೆಗೂ ಇಂಗ್ಲಿಷಿನಲ್ಲಿ ಅಚ್ಚಾದ ಅಂಥದೊಂದು ಪತ್ರ ಬಂದಿತ್ತು: ನಿಮ್ಮ ಮಗಳು ಆಯ್ಕೆಯಾಗಿದ್ದಾಳೆ ಎಂದು. ಯಾವ ಪರೀಕ್ಷೆ ಬರೆದು ಆಯ್ಕೆಯಾದಳು ಎಂದು ಫೋನ್ ಮಾಡಿ ಕೇಳಿದೆ. ‘ಸರ್, ಇವತ್ತೇ ಕಟ್ಟಿದ್ರೆ ರಿಯಾಯಿತಿ ಅದ, ಸೀಟು ಕಮ್ಮಿ ಅವ’ ಎಂಬುದಷ್ಟೇ ಉತ್ತರ. ಅರ್ಜಿಯನ್ನೇ ಹಾಕದ ಮಗುವನ್ನು ‘ಆಯ್ಕೆ’ ಮಾಡುವುದು ಪಾಲಕರ ಆಸೆಯ ಮೇಲೆ ನಡೆಯುವ ವ್ಯಾಪಾರ.

ಮುಂದೆ ಕಾಲೇಜು ಸೀಟಿಗೆ ಅನುಕೂಲ ಎಂಬ ಮಾತೂ ಇದೆ. ನಮ್ಮಲ್ಲಿ ಪಿಯುಸಿ ಪ್ರವೇಶಕ್ಕೆ ಬೇಕಾಗುವುದು ಎಸ್ಸೆಸ್ಸೆಲ್ಸಿ ಅಂಕ. ಎಂಜಿನಿಯರಿಂಗ್ ಸೀಟಿಗೆ ಸಿಇಟಿ ರ್‍ಯಾಂಕ್. ಖಾಸಗಿ ಶಿಬಿರದ ಪ್ರಮಾಣಪತ್ರವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಸೀಟು ಹಂಚಿಕೆಯ ವಿಶೇಷ ಪ್ರವರ್ಗಗಳಲ್ಲಿ ಇರುವುದು ಎನ್‌ಸಿಸಿ, ಸ್ಕೌಟ್ಸ್ ಮತ್ತು ಗೈಡ್ಸ್‌ನಂಥವು. 1948ರಲ್ಲಿ ಶುರುವಾದ ಎನ್‌ಸಿಸಿಯ ‘ಎ’ ಸರ್ಟಿಫಿಕೇಟಿಗೆ ಹೈಸ್ಕೂಲು ಹುಡುಗ ಎರಡು ವರ್ಷ ಕವಾಯತು ಮಾಡಬೇಕು, ಕ್ಯಾಂಪಿಗೆ ಹೋಗಬೇಕು, ಪರೀಕ್ಷೆ ಬರೆಯಬೇಕು.

ಶಿಬಿರಕ್ಕೆ ಹೋಗಿಬಂದ ಮಕ್ಕಳ ವೇದಿಕೆ ಅಂಜಿಕೆ ಹೋಗುತ್ತದೆ ಎನ್ನುವವರಿದ್ದಾರೆ. ನಿಜ, ಕೆಲವರದು ಹೋಗುತ್ತದೆ. ಆದರೆ ಧೈರ್ಯವಾಗಿ ಮಾತಾಡುವುದೇ ನಾಯಕತ್ವವಲ್ಲ. ಕೊಟ್ಟ ಮಾತಿಗೆ ನಾಳೆ ಅದೇ ಜನರ ಎದುರು ನಿಂತು ಉತ್ತರ ಹೇಳಬೇಕಾಗುವುದು ನಾಯಕತ್ವ. ಮೂರು ದಿನ ಹೋಟೆಲ್ ಹಾಲಿನಲ್ಲಿ ಗುರುತಿಲ್ಲದ ಮಕ್ಕಳ ಜೊತೆ ಆಟವಾಡಿ, ಫೋಟೊ ತೆಗೆಸಿಕೊಂಡು ಬಂದವರನ್ನು ಯಾರು ಪ್ರಶ್ನಿಸುತ್ತಾರೆ?

ಈ ನೆಲದಲ್ಲಿ ನಾಯಕರು ಬೆಳೆದ ದಾರಿಯೇ ಬೇರೆ. ಮಲ್ಲಿಕಾರ್ಜುನ ಖರ್ಗೆಯವರು ಇಲ್ಲಿನ ಸರ್ಕಾರಿ ಕಾಲೇಜಿನ ವಿದ್ಯಾರ್ಥಿ ಸಂಘದಿಂದ ಬಂದವರು, 1969ರಲ್ಲಿ ಎಂ.ಎಸ್.ಕೆ. ಮಿಲ್ ಕಾರ್ಮಿಕರ ಸಂಘಕ್ಕೆ ಕಾನೂನು ಸಲಹೆಗಾರರಾದರು. ವೈಜನಾಥ ಪಾಟೀಲರು ಈ ಭಾಗಕ್ಕೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸ್ಥಾನಮಾನ ಬೇಕೆಂದು ವರ್ಷಗಟ್ಟಲೆ ಬೀದಿಗಿಳಿದು ಹೋರಾಡಿದರು. ಇವರ ಪಾಠಶಾಲೆ ಜನರ ತಕರಾರು.

ಅಂಥ ಪಾಠಶಾಲೆ ಮಕ್ಕಳಿಗೂ ಇದೆ. 1995ರ ಹೊತ್ತಿಗೇ ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ ಮಕ್ಕಳ ಪಂಚಾಯಿತಿ ನಡೆಯಿತು. ಇಂದು ಕರ್ನಾಟಕದ ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆ ನಡೆಸಬೇಕು. ಕೆಂಪು ಬಾಳೆಗೆ ಹೆಸರಾದ ಕಮಲಾಪುರ ತಾಲ್ಲೂಕಿನ ಒಂದು ತಾಂಡಾದ ಹುಡುಗಿ ಪಿಡಿಒ ಎದುರು ಎದ್ದು ನಿಂತು, ‘ಶೌಚಾಲಯದಾಗ ನೀರಿಲ್ಲ, ಮಧ್ಯಾಹ್ನಕ್ಕೇ ಮನಿಗೆ ಹೋಗಬೇಕಾಗ್ತದ’ ಎಂದು ಹೇಳಿ, ಉತ್ತರವನ್ನು ಠರಾವು ಪುಸ್ತಕದಲ್ಲಿ ಬರೆಸಿ, ಮುಂದಿನ ವರ್ಷ ‘ನಳ ಯಾಕ ಬರಲಿಲ್ಲ’ ಎಂದು ಮತ್ತೆ ಕೇಳಿದರೆ ಅದಕ್ಕಿಂತ ದೊಡ್ಡ ತರಬೇತಿ ಯಾವುದಿದೆ? ಅದಕ್ಕೆ ಒಂದು ಪೈಸೆ ಶುಲ್ಕವಿಲ್ಲ.

ಆದರೆ ಈ ಸಭೆಗಳು ಬಹಳ ಕಡೆ ಫೋಟೊಕ್ಕೆ ಮುಗಿಯುತ್ತವೆ. ಶಾಲೆಯೊಳಗೂ ಹಾಗೆಯೇ: ಮಕ್ಕಳೇ ಮಂತ್ರಿಗಳಾಗುವ ಶಾಲಾ ಸಂಸತ್ತಿನ ‘ನೀರಾವರಿ ಮಂತ್ರಿ’ಗೆ ಗಿಡಕ್ಕೆ ನೀರು ಹಾಕುವ ಕೆಲಸ ಬಿಟ್ಟು ಬೇರೆ ಅಧಿಕಾರವಿಲ್ಲ. ದುಡ್ಡಿನ ಶಿಬಿರಗಳು ಬೆಳೆದದ್ದು ನಾವು ಪಾಳು ಬಿಟ್ಟ ಈ ಜಾಗದಲ್ಲಿಯೇ. 2025ರ ಎಸ್ಸೆಸ್ಸೆಲ್ಸಿ ಪರೀಕ್ಷೆ–1ರಲ್ಲಿ ಶೇ 42.43 ಫಲಿತಾಂಶದೊಂದಿಗೆ ರಾಜ್ಯಕ್ಕೇ ಕೊನೆಯ ಸ್ಥಾನ ಪಡೆದ ಜಿಲ್ಲೆ ನಮ್ಮದು. ಇಲ್ಲಿ ನಾಯಕತ್ವವೂ ಹಣವಿದ್ದವರ ಮಕ್ಕಳ ಸೊತ್ತಾದರೆ ಕಮಲಾಪುರದ ಮಕ್ಕಳಿಗೆ ಉಳಿಯುವುದೇನು?

ಆದ್ದರಿಂದ ಶಿಕ್ಷಣ ಇಲಾಖೆ ಶಾಲೆಯ ಅಂಗಳದಲ್ಲಿ ಈ ಶಿಬಿರಗಳ ಪ್ರಚಾರವನ್ನು ನಿಲ್ಲಿಸಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಕಟ್ಟಡಗಳ ಜೊತೆಗೆ ಸರ್ಕಾರಿ ಹೈಸ್ಕೂಲುಗಳ ಎನ್‌ಸಿಸಿ, ಸ್ಕೌಟ್ಸ್ ಘಟಕಗಳಿಗೂ ಹಣ ಕೊಡಲಿ. ಪಂಚಾಯಿತಿಗಳು ಹಿಂದಿನ ಮಕ್ಕಳ ಗ್ರಾಮಸಭೆಯ ಠರಾವುಗಳು ಏನಾದವು ಎಂಬುದನ್ನು ಮಕ್ಕಳೆದುರೇ ಓದಿ ಹೇಳಲಿ. ಪಾಲಕರು ಶಿಬಿರಕ್ಕೆ ಕಟ್ಟುವ ಮುನ್ನ ಮಗಳ ಶಾಲೆಗೆ ಹೋಗಿ, ಶಾಲಾ ಸಂಸತ್ತು ಈ ವರ್ಷ ಯಾವ ತೀರ್ಮಾನ ಮಾಡಿತು, ಅದು ಜಾರಿಯಾಯಿತೇ ಎಂದು ಕೇಳಲಿ. ಜಾರಿಯಾಗಿಲ್ಲವೆಂದರೆ ಜಗಳ ತೆಗೆಯಬೇಕಾದ ಜಾಗ ಅದು.